ಐತವಾರದ ಟ್ರೇ

ಕಾಜೂಬಾಗದ ಕೈತಾನನ ಭಟ್ಟಿ
ಸಂಜೆಯ ಪಾವು ಇಳಿಸಿದ ಮೇಲೆ ಒಂದು ತಾಸು
ಸುಮ್ಮನೆ ಬಿಸಿಯಾಗಿರುತ್ತದೆ.
ಆ ಒಂದು ತಾಸು ನನ್ನದು.
ಬಾಡಿಗೆ ಕೊಡುವುದಿಲ್ಲ ನಾನು, ಅವ ಕೇಳುವುದೂ ಇಲ್ಲ.
ಟ್ರೇ ಇಣುಕಿ ಮೂಗು ಮುರಿಯುತ್ತಾನೆ, ಅಷ್ಟೆ:
'ಮೈದಾ ಇಲ್ಲ, ಯೀಸ್ಟಿಲ್ಲ, ಬರೀ ಹೊಟ್ಟು.
ಯಾವ ಧೈರ್ಯದ ಮೇಲೆ ಉಬ್ಬಬೇಕು ಇದು, ಶೇವಂತಿ ಬಾಯೇ?'

ಉಬ್ಬುವುದು ಬೇಡ ಕೈತಾನ,
ಶನಿವಾರದ ತನಕ ಹಿಡಿದು ನಿಂತರೆ ಸಾಕು.

ಐದೂ ಹತ್ತಕ್ಕೆ ಡಿಪೋದಲ್ಲಿ ಹಾಜರಿ,
ಐದೂವರೆಗೆ ಅಂಕೋಲೆಯ ಮೊದಲ ಗಾಡಿ,
ಹೆಗಲಿಗೆ ಚೀಲ, ಕೈಗೆ ಟಿಕೆಟ್ ಮಶೀನು.
ಹನ್ನೊಂದು ವರ್ಷ ನನ್ನ ತಿಂಡಿ
ಸ್ಟ್ಯಾಂಡಿನ ಬನ್ಸು, ಮೇಲೆ ಅರ್ಧ ಚಾ.
ಟಿಕೆಟಿಲ್ಲದೆ ಹತ್ತಿದ ಸಕ್ಕರೆ
ಎಷ್ಟು ಸ್ಟಾಪು ಕಡೇ ಸೀಟಿನಲ್ಲಿ ಕೂತಿತ್ತೋ,
ರಕ್ತಪರೀಕ್ಷೆಯ ಚೆಕಿಂಗಿನಲ್ಲಿ ಸಿಕ್ಕಿಬಿತ್ತು.

ದೊಡ್ಡಾಸ್ಪತ್ರೆಯ ಎಳೆಯ ಡಾಕ್ಟರು
ಚೀಟಿಯ ಬೆನ್ನಿಗೆ ಬರೆದಳು: ಓಟ್ಸ್.
ಗಂಜಿ ಮಾಡಿ ನೋಡಿದೆ.
ಅದರಿಂದ ಗೋಡೆಗೆ ಪೋಸ್ಟರು ಅಂಟಿಸಬಹುದಿತ್ತು.

ಹಾಗಾಗಿ ಹಣ್ಣು.

ಶಿರ್ಸಿ ಗಾಡಿಯ ಟಾಪಿನಲ್ಲಿ ಬಂದಿಳಿದ
ಬನವಾಸಿ ಕಡೆಯ ಅನಾನಸು, ಜುಟ್ಟು ಸಮೇತ.
ಮೈಯೆಲ್ಲ ಕಪ್ಪು ಚುಕ್ಕೆ ಬೀಳುವ ತನಕ ಕಾದ ಮಿಟ್ಲಿ ಬಾಳೆ.
ಮೇ ತಿಂಗಳಾದರೆ, ಕರಿ ಇಷಾಡ.
ಅವರ್ಸಾದಲ್ಲಿ ಸೋಮಿ ಗೌಡ ಹತ್ತುತ್ತಾಳೆ,
ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟು, ಅವಳ ಬುಟ್ಟಿಗೆ ಲಗೇಜು.
ಬೈಯುತ್ತ ಲಗೇಜು ಕೊಟ್ಟು
ಇಳಿಯುವಾಗ ಎರಡು ಹಣ್ಣು ನನ್ನ ಚೀಲಕ್ಕೆ ಹಾಕುತ್ತಾಳೆ.
ದುಡ್ಡು ಕೊಟ್ಟರೆ ಅದನ್ನೂ ಬೈದುಕೊಂಡೇ ತಗೊಳ್ಳುತ್ತಾಳೆ.
(ಇಷಾಡದ ಸಂಗತಿ ಡಾಕ್ಟರಿಗೆ ಹೇಳಿಲ್ಲ.)

ಮೊಟ್ಟೆ ಎರಡು. ಹಾಲು ಅಂದಾಜಿಗೆ. ಏಲಕ್ಕಿ, ಚಿಟಿಕೆ ಉಪ್ಪು.
ಬೆಲ್ಲದ ಡಬ್ಬಿ ತೆಗೆದು, ಮೂಸಿ, ಮುಚ್ಚಿಡುತ್ತೇನೆ.
ಗೋಡಂಬಿ ಹಾಕುವಾಗ ಮಾತ್ರ ಕೈ ನನ್ನ ಮಾತು ಕೇಳುವುದಿಲ್ಲ.

ಉದ್ದ ಹಿಡಿಯ ಹಲಗೆಯಲ್ಲಿ ಅವ ಒಳಗೆ ತಳ್ಳುತ್ತಾನೆ.
ಹೊರಗೆ ಬೆಂಚಿನ ಮೇಲೆ ನಾನು.
ಮೊದಲು ಬಾಳೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಅನಾನಸಿನ ಸುಟ್ಟ ಹುಳಿ,
ಆಮೇಲೆ ಬೀದಿಯ ನಾಯಿ ತಲೆಯೆತ್ತುವಂಥ ಇನ್ನೊಂದು ವಾಸನೆ,
ಅದಕ್ಕೆ ಹೆಸರಿಲ್ಲ.

ಮನೆಯಲ್ಲಿ, ಆರಿದ ಮೇಲೆ, ಆರು ತುಂಡು.
ಮಗಳು ಸ್ನೇಹಲ ಕಂಪಾಸಿನಿಂದ ಸ್ಕೇಲು ತರುತ್ತಾಳೆ.
ಅಳತೆ ಸರಿಯೇ. ಹಣ್ಣಿಗೆ ಅಳತೆ ಗೊತ್ತಿಲ್ಲ.
ಬ್ರೇಕು ಹಾಕಿದಾಗ ಜನ ಮುಂದಕ್ಕೆ ಬಂದ ಹಾಗೆ
ಮಾವೆಲ್ಲ ಒಂದೇ ಮೂಲೆಗೆ ಸರಿದಿರುತ್ತದೆ.
ಮತ್ತೊಂದು ತುಂಡು ಬರೀ ಓಟ್ಸು, ಬೋಳು, ಸಭ್ಯ.
'ವಾರದ ಹೆಸರು ಬರೆದು ಅಂಟಿಸ್ಲಾ ಆಯೀ?'
ಬೇಡ ಅನ್ನುತ್ತೇನೆ.
ಆರೂ ಡಬ್ಬಿ ಕಲೆಸಿ ಫ್ರಿಜ್ಜಿಗೆ.
ನಸುಕಿನಲ್ಲಿ ಕೈಗೆ ಹತ್ತಿದ್ದು ಆ ದಿನದ್ದು.

ಕಳೆದ ವಾರ ಬೋಳು ತುಂಡು ಬುಧವಾರಕ್ಕೆ ಬಂತು,
ಬುಧವಾರ ಏನೂ ಆಗಲಿಲ್ಲ.
ಶುಕ್ರವಾರ ಅರ್ಗಾದ ಹತ್ತಿರ ಒಬ್ಬ ಹುಡುಗ ವಾಂತಿ ಮಾಡಿದ,
ತೊಡೂರಿನಲ್ಲಿ ಸ್ಕ್ವಾಡು ಹತ್ತಿತು,
ಲೆಕ್ಕದಲ್ಲಿ ಹದಿನಾಲ್ಕು ರೂಪಾಯಿ ಕಡಿಮೆ,
ಹತ್ತೂವರೆಯ ತನಕ ಹೊಟ್ಟೆಗೆ ನೀರು ಮಾತ್ರ.
ಆಮೇಲೆ ಡಬ್ಬಿ ತೆಗೆದರೆ,
ಮಾವಿನ ಮೂಲೆ!
ಅರ್ಧ ನಿಮಿಷ ಇನ್ಸ್‌ಪೆಕ್ಟರನನ್ನೂ ಕ್ಷಮಿಸಿದ್ದೆ.

'ಕುದುರೆ ತಿನ್ನೂದಲ್ವನೇ ಅದು?' ಎಂದಿದ್ದ
ಡ್ರೈವರ್ ಪುರುಸೋ ಗುನಗಿ, ಮೊದಲ ವಾರ.
ಐದನೇ ವಾರ ಸ್ಟೇರಿಂಗು ಬಿಡದೆ
ಎಡಗೈ ಮಾತ್ರ ಹಿಂದಕ್ಕೆ ಚಾಚಿದ.

ಇವತ್ತು ಮತ್ತೆ ಐತವಾರ.
ಕೈತಾನ ಟ್ರೇ ಹೊರಗೆಳೆದು, ಬಗ್ಗಿ ನೋಡಿ,
ಅಂಚಿಗೆ ಕಚ್ಚಿದ ಕರಕಲನ್ನು ಚೂರಿಯ ತುದಿಯಿಂದ ಕೆರೆದು
ಬಾಯಿಗೆ ಹಾಕಿಕೊಳ್ಳುತ್ತಾನೆ.
'ಉಬ್ಬಲಿಲ್ಲ' ಅನ್ನುತ್ತಾನೆ,
ಟ್ರೇ ತಿರುಗಿಸಿ
ಆ ಕಡೆಯ ಅಂಚನ್ನೂ ಕೆರೆಯುತ್ತ.